ಒಂದೇ ಸಲ ನಡೆದ ಒಂಟೆ

ಶ್ರಾವಣದ ಮಳೆ ಚಂದಗಡದ ಕಡೆ ಹೇಗೆ ಹೊಡೆಯುತ್ತದೆಂಬುದನ್ನು ಈ ಸೀಮೆಯವರಿಗೆ ಬಣ್ಣಿಸಿ ಹೇಳಬೇಕಾಗಿಲ್ಲ. ತಾಮ್ರಪರ್ಣಿ ತುಂಬಿ ಹರಿಯುತ್ತದೆ, ಶಾಲೆಯ ಮೈದಾನ ಗದ್ದೆಯಾಗುತ್ತದೆ, ಕಬಡ್ಡಿ ಖೋ ಖೋಗಳೆಲ್ಲ ಮುಂದಕ್ಕೆ ಹೋಗುತ್ತವೆ. ಆ ದಿನಗಳಲ್ಲಿ ಸೂರಿನಡಿ ಕುಳಿತು ಆಡಬಹುದಾದ ಪಂದ್ಯವೆಂದರೆ ಚದುರಂಗ. ಕಳೆದ ಮಳೆಗಾಲದಲ್ಲಿ ನನ್ನ ಬಳಿ ಓದುವ ಏಳನೆಯ ಇಯತ್ತೆಯ ಹುಡುಗನೊಬ್ಬ ಅಂಥದೊಂದು ಶಾಲಾ ಸ್ಪರ್ಧೆಗೆ ಹೋಗಿ ಮೊದಲ ಸುತ್ತಿನಲ್ಲಿಯೇ ಸೋತು ಬಂದನು. ಸೋತುದಕ್ಕಿಂತ ಸೋತ ಬಗೆ ಅವನನ್ನು ಕಾಡುತ್ತಿತ್ತು.

"ನಾ ಏನೂ ತಪ್ಪ ಮಾಡಿಲ್ರಿ ಸರ. ಒಂದೂ ಕಾಯಿ ಪುಕ್ಕಟೆ ಕೊಟ್ಟಿಲ್ಲ. ಬರೇ ಬಚಾವ ಮಾಡ್ಕೋತ ಕುಂತಿದ್ದೆ. ಆದ್ರೂ ಸೋತೆ."

ಅವನು ತನ್ನ ಆಟವನ್ನು ನನ್ನೆದುರು ಮತ್ತೆ ಆಡಿ ತೋರಿಸಿದನು. ಮೊದಲ ಎಂಟು ನಡೆಗಳಲ್ಲಿ ಆರು ಪದಾತಿಗಳ ನಡೆಗಳೇ. ಪ್ರತಿಯೊಂದು ಪದಾತಿಯೂ ಒಂದೊಂದೇ ಮನೆ ಮುಂದೆ ಬಂದು, ಬೇಲಿ ಹಾಕಿದಂತೆ ನಿಂತುಬಿಟ್ಟಿತ್ತು. ಬೇಲಿಯ ಹಿಂದೆ ಆನೆ, ಕುದುರೆ, ಒಂಟೆಗಳು ಒಂದರ ಮೇಲೊಂದು ಒತ್ತಿಕೊಂಡು ಉಸಿರಾಡಲೂ ಎಡೆಯಿಲ್ಲದೆ ಕುಳಿತಿದ್ದವು. ಎದುರಾಳಿ ಅವಸರವಿಲ್ಲದೆ ತನ್ನ ಸೈನ್ಯವನ್ನೆಲ್ಲ ತಂದು, ಬೇಲಿಯ ಒಂದು ಗೂಟವನ್ನು ಕಿತ್ತನು. ಅಲ್ಲಿಗೆ ಆಟ ಮುಗಿಯಿತು. ಹುಡುಗ ಹೇಳಿದ್ದು ನಿಜ. ಅವನು ಯಾವುದೊಂದು ದೊಡ್ಡ ತಪ್ಪನ್ನೂ ಮಾಡಿರಲಿಲ್ಲ.

ಈ ಬೇಲಿ ಅವನಿಗೆ ಎಲ್ಲಿಂದ ಬಂತೆಂದು ಕೇಳಿದಾಗ ಉತ್ತರ ಸುಲಭವಾಗಿ ಸಿಕ್ಕಿತು. ಆಟವನ್ನು ಅವನು ಕಲಿತದ್ದು ಅಜ್ಜನಿಂದ. ಅಜ್ಜನದು ಹಳೆಯ ದೇಶೀ ಪದ್ಧತಿ. ಆ ಪದ್ಧತಿಯಲ್ಲಿ ಪದಾತಿ ಮೊದಲ ನಡೆಯಲ್ಲಿಯೂ ಒಂದೇ ಮನೆ ನಡೆಯಬೇಕು, ಎರಡು ಮನೆ ಜಿಗಿಯುವಂತಿಲ್ಲ. ರಾಜನಿಗೆ ಇನ್ನೂ ಶಹ ಬಿದ್ದಿರದಿದ್ದರೆ ಒಂದು ಸಲ ಕುದುರೆಯಂತೆ ಹಾರಿ ಮೂಲೆ ಸೇರಲು ಅವಕಾಶವುಂಟು. ಈ ಆಟದ ಲಯವೇ ಬೇರೆ. ಊಟ ಮುಗಿಸಿ ಕಟ್ಟೆಯ ಮೇಲೆ ಕುಳಿತು, ಎಲೆ ಅಡಿಕೆ ಹಾಕಿಕೊಂಡು, ಸಂಜೆಯವರೆಗೆ ಆಡುವ ಆಟವದು. ಯುದ್ಧ ಆರಂಭವಾಗುವುದಕ್ಕೇ ಒಂದು ತಾಸು ಹಿಡಿಯುತ್ತದೆ. ಗಡಿಯಾರವಿಟ್ಟು ಆಡುವ ಸ್ಪರ್ಧೆಯ ಆಟದಲ್ಲಿ ಎದುರಾಳಿಯ ಪದಾತಿ ಎರಡು ಮನೆ ಜಿಗಿದು ನಡುಮಂಟಪವನ್ನು ಹಿಡಿದಿರುತ್ತದೆ. ಹುಡುಗ ಅಜ್ಜನ ಆಟದ ಅಭ್ಯಾಸವನ್ನು ಬೇರೆ ನಿಯಮಗಳ ಕಣಕ್ಕೆ ಒಯ್ದಿದ್ದನು.

ಅಜ್ಜನ ಆಟವನ್ನು ಹಳಿಯುವ ಉದ್ದೇಶ ನನ್ನದಲ್ಲ. ನಮ್ಮ ನಾಡಿನಲ್ಲಿ ಈ ಕ್ರೀಡೆಗೆ ಇರುವ ವಯಸ್ಸು ಸಣ್ಣದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅರಸರ ವಿನೋದಗಳ ನಡುವೆ ಚದುರಂಗಕ್ಕೂ ಸ್ಥಾನವಿದೆ. ಇನ್ನೂ ಒಂದು ಮಾತು. 1850ರ ಸುಮಾರಿಗೆ ಕಲಕತ್ತೆಯಲ್ಲಿ ಮಹೇಶಚಂದ್ರ ಬ್ಯಾನರ್ಜಿ ಎಂಬ ಹಳ್ಳಿಯ ಆಟಗಾರ ಜಾನ್ ಕಾಕ್ರೇನ್ ಎಂಬ ಸ್ಕಾಟ್ಲೆಂಡಿನ ಬ್ಯಾರಿಸ್ಟರನೊಡನೆ ನೂರಾರು ಆಟಗಳನ್ನಾಡಿದನು. ದೇಶೀ ಆಟದ ಅಭ್ಯಾಸದಂತೆ ಪದಾತಿಯನ್ನು ಒಂದೇ ಮನೆ ನೂಕಿ, ಅದರ ಹಿಂದೆ ಒಂಟೆಯನ್ನು ಓರೆಯಾಗಿ ನಿಲ್ಲಿಸುವುದು ಅವನ ಕ್ರಮ. ಆ ಆಟಗಳು ಇಂಗ್ಲೆಂಡಿನ ಪತ್ರಿಕೆಗಳಲ್ಲಿ ಅಚ್ಚಾದವು. ಇಂದು ಜಗತ್ತಿನ ಗ್ರ್ಯಾಂಡ್‌ಮಾಸ್ಟರರು 'ಕಿಂಗ್ಸ್ ಇಂಡಿಯನ್', 'ಕ್ವೀನ್ಸ್ ಇಂಡಿಯನ್' ಎಂದು ಕರೆಯುವ ರಕ್ಷಣಾ ಕ್ರಮಗಳಲ್ಲಿನ 'ಇಂಡಿಯನ್' ಎಂಬ ಮಾತಿನ ಮೂಲ ಅಲ್ಲಿದೆ. ಆದರೆ ಮಹೇಶಚಂದ್ರನ ಒಂಟೆ ಬೇಲಿಯ ಹಿಂದೆ ಮಲಗಿರುತ್ತಿರಲಿಲ್ಲ. ಅದು ಹೊಂಚು ಹಾಕಿರುತ್ತಿತ್ತು. ನಮ್ಮ ಹುಡುಗನಿಗೆ ತಿಳಿಯಬೇಕಾದದ್ದು ಈ ಭೇದ. ಅದನ್ನು ಮಾತಿನಲ್ಲಿ ಹೇಳಿದರೆ ತಿಳಿಯುವಂಥದಲ್ಲ. ಆದ್ದರಿಂದ ಮಳೆ ಬಿಡದ ಒಂದು ಭಾನುವಾರ ಅವನನ್ನು ಮನೆಗೆ ಕರೆದು, ವಿಶ್ವನಾಥನ್ ಆನಂದರು ಕರಿಯ ಕಾಯಿಗಳಿಂದ ಆಡಿದ ಒಂದು ಆಟವನ್ನು ಮಣೆಯ ಮೇಲೆ ಹೂಡಿದೆ.

ಆ ಆಟ ನಡೆದದ್ದು 15 ಜನವರಿ 2013ರಂದು, ನೆದರ್ಲೆಂಡ್ಸ್ ದೇಶದ ಕಡಲತೀರದ ವೈಕ್ ಆನ್ ಜೀ ಎಂಬ ಪುಟ್ಟ ಊರಿನಲ್ಲಿ. ಉಕ್ಕಿನ ಕಾರ್ಖಾನೆಯೊಂದರ ಆಶ್ರಯದಲ್ಲಿ ಪ್ರತಿವರ್ಷ ಜನವರಿಯಲ್ಲಿ ನಡೆಯುವ ಹಳೆಯ ಪಂದ್ಯಾವಳಿಯದು. ಆ ಕಾರ್ಖಾನೆ ಈಗ ನಮ್ಮ ಟಾಟಾ ಸಂಸ್ಥೆಯದಾಗಿರುವುದರಿಂದ ಪಂದ್ಯಾವಳಿಯ ಹೆಸರೂ ಟಾಟಾ ಸ್ಟೀಲ್ ಎಂದಾಗಿದೆ. ಚಳಿಗೆ ಅಲ್ಲಿ ಬಂದವರಿಗೆ ಬಟಾಣಿಯ ಸಾರು ಬಡಿಸುವುದು ರೂಢಿಯಂತೆ. ಹುಡುಗನಿಗೆ ಈ ವಿವರವೇ ಎಲ್ಲಕ್ಕಿಂತ ಹೆಚ್ಚು ಹಿಡಿಸಿತು. ಆನಂದರಿಗೆ ಆಗ 43 ವರ್ಷ. ವಿಶ್ವವಿಜೇತರು ಅವರೇ. ಆದರೆ ವಯಸ್ಸಾಯಿತು, ಕೈ ಸಡಿಲಾಯಿತು ಎಂಬ ಮಾತುಗಳು ಕೇಳಿಬರತೊಡಗಿದ್ದ ಕಾಲವದು. ಎದುರಿಗೆ ಕುಳಿತವರು ಆರ್ಮೇನಿಯಾದ ಲೆವೊನ್ ಅರೋನಿಯನ್, 30ರ ಪ್ರಾಯದವರು, ಜಗತ್ತಿನ ಅಗ್ರ ಮೂರು ನಾಲ್ಕು ಆಟಗಾರರಲ್ಲೊಬ್ಬರು. ಆರ್ಮೇನಿಯಾ ಮೂವತ್ತು ಲಕ್ಷದಷ್ಟು ಜನರ ಸಣ್ಣ ದೇಶ. ಅಲ್ಲಿ 2011ರಿಂದ ಪ್ರಾಥಮಿಕ ಶಾಲೆಯಲ್ಲಿ ಚದುರಂಗವೂ ಒಂದು ಕಡ್ಡಾಯ ವಿಷಯ. ಅವರ ಮಕ್ಕಳು ಅದನ್ನು ಕಲಿಯುವುದು ತಮ್ಮದೇ ಭಾಷೆಯಲ್ಲಿ.

ಮನೆಯಲ್ಲಿ ಮಣೆಯಿರುವವರು ಈಗ ಅದನ್ನು ತೆಗೆದು ಹೂಡಿಕೊಂಡರೆ ಮುಂದಿನದು ಚೆನ್ನಾಗಿ ತಿಳಿದೀತು. ಬಿಳಿಯ ಎಡಗೈ ಮೂಲೆಯಿಂದ ಎ, ಬಿ, ಸಿ ಎಂದು ಎಚ್‌ವರೆಗೆ ಎಂಟು ಕಂಬಸಾಲುಗಳು. ಬಿಳಿಯ ಕಡೆಯಿಂದ 1ರಿಂದ 8ರವರೆಗೆ ಎಂಟು ಅಡ್ಡಸಾಲುಗಳು. ಬಿಳಿಯ ರಾಜನ ಮನೆ ಇ1, ಕರಿಯ ರಾಜನ ಮನೆ ಇ8. ಪ್ರತಿ ಅಂಕಿಯ ಮುಂದೆ ಮೊದಲು ಬಿಳಿಯ ನಡೆ, ಬಳಿಕ ಕರಿಯ ನಡೆ. ಬರಿಯ ಮನೆಯ ಹೆಸರಿದ್ದರೆ ಪದಾತಿಯೆಂದು ತಿಳಿಯಬೇಕು.

1. ಡಿ4, ಡಿ5. 2. ಸಿ4, ಸಿ6. 3. ಕುದುರೆ ಎಫ್3, ಕುದುರೆ ಎಫ್6. 4. ಕುದುರೆ ಸಿ3, ಇ6. 5. ಇ3, ಬಿ8ರ ಕುದುರೆ ಡಿ7. 6. ಒಂಟೆ ಡಿ3, ಡಿ5ರ ಪದಾತಿ ಸಿ4ರ ಪದಾತಿಯನ್ನು ಹೊಡೆಯಿತು. 7. ಒಂಟೆ ಸಿ4ರಲ್ಲಿ ಹೊಡೆಯಿತು, ಬಿ5. 8. ಒಂಟೆ ಡಿ3, ಒಂಟೆ ಡಿ6.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಈ ರಕ್ಷಣಾ ಕ್ರಮಕ್ಕೆ ಸೆಮಿ-ಸ್ಲಾವ್ ಎಂದು ಹೆಸರು. ಅದರೊಳಗೆ ಈ ಹರಿತವಾದ ಕವಲಿಗೆ ಮೆರಾನ್ ಪದ್ಧತಿ ಎನ್ನುತ್ತಾರೆ. ಮೊದಲ ಐದು ನಡೆಗಳನ್ನು ನೋಡಿದರೆ ಕರಿಯದೂ ನಮ್ಮ ಹುಡುಗನ ಬೇಲಿಯಂತೆಯೇ ಕಾಣುತ್ತದೆ. ಡಿ5ರಲ್ಲಿ ಒಂದು ಪದಾತಿ, ಅದರ ಎರಡೂ ಪಕ್ಕದಲ್ಲಿ ಸಿ6 ಇ6 ಎಂದು ಎರಡು ಆಸರೆಗಳು. ಸಿ8ರಲ್ಲಿರುವ ಒಂಟೆಗಂತೂ ಕದಲಲು ದಾರಿಯೇ ಇಲ್ಲ, ಅದರ ಮುಂದೆ ತನ್ನವರದೇ ಗೋಡೆ. ಆದರೆ 6ನೆಯ ನಡೆಯಲ್ಲಿ ಕರಿಯು ತಾನೇ ಕಟ್ಟಿದ ಆ ಗೋಡೆಯನ್ನು ಬಿಚ್ಚುತ್ತದೆ. ಬಿಳಿಯ ಒಂಟೆ ಸಿ4ಕ್ಕೆ ಬರುವಂತೆ ಮಾಡಿ, ಬಿ5 ಎಂದು ಅದನ್ನು ಹಿಂದಕ್ಕಟ್ಟಿ, ಆ ಸಿಕ್ಕ ಒಂದು ನಡೆಯ ಬಿಡುವಿನಲ್ಲಿ ಒಂಟೆಗೆ ಹೊಸ ಓರೆದಾರಿಯನ್ನು ತೆರೆಯುತ್ತದೆ. ಬೇಲಿ ಎಂದು ನಾವು ತಿಳಿದದ್ದು ಬಾಗಿಲು.

9ನೆಯ ನಡೆಯಲ್ಲಿ ಇಬ್ಬರೂ ರಾಜನನ್ನು ಆನೆಯ ಮರೆಗೆ ಸರಿಸುತ್ತಾರೆ. 10. ಮಂತ್ರಿ ಸಿ2, ಒಂಟೆ ಬಿ7. ಓದುಗರು ಈ ಒಂಟೆಯನ್ನು ನೆನಪಿನಲ್ಲಿಡಬೇಕು. ಇಡೀ ಆಟದಲ್ಲಿ ಅದು ನಡೆಯುವುದು ಇದೊಂದೇ ಸಲ. 11. ಎ3, ಆನೆ ಸಿ8.

12. ಕುದುರೆ ಜಿ5. ಬಿಳಿಯ ಕುದುರೆ, ಡಿ3ರ ಒಂಟೆ, ಸಿ2ರ ಮಂತ್ರಿ ಮೂವರ ಕಣ್ಣೂ ಈಗ ಎಚ್7ರ ಮೇಲೆ, ಎಂದರೆ ಕರಿಯ ರಾಜನ ಹೊರಬಾಗಿಲ ಮೇಲೆ. ಇಲ್ಲಿ ನಾನು ಹುಡುಗನನ್ನು ಕೇಳಿದೆ, ನೀನಾಗಿದ್ದರೆ ಏನು ಮಾಡುತ್ತಿದ್ದೆ? ಅವನು ತಡಮಾಡದೆ ಎಚ್ ಸಾಲಿನ ಪದಾತಿಯನ್ನು ಒಂದು ಮನೆ ನೂಕಿದನು. ಆನಂದರು ಹಾಗೆ ಮಾಡಲಿಲ್ಲ. ಬಾಗಿಲನ್ನು ಅದರ ಪಾಡಿಗೆ ಬಿಟ್ಟು, ಮಣೆಯ ಇನ್ನೊಂದು ಕಡೆ ಸಿ5 ಎಂದು ಪದಾತಿಯನ್ನು ನೂಕಿದರು. ಬಿ7ರ ಒಂಟೆಯ ಮುಂದಿದ್ದ ಕೊನೆಯ ಅಡ್ಡಿ ಸರಿಯಿತು. ಅಲ್ಲಿಂದ ಜಿ2ರವರೆಗೆ, ಬಿಳಿಯ ರಾಜನ ಅಂಗಳದವರೆಗೆ, ನೇರವಾದ ಓರೆದಾರಿ.

13. ಬಿಳಿಯ ಕುದುರೆ ಎಚ್7ರ ಪದಾತಿಯನ್ನು ಹೊಡೆಯಿತು. ಅದರ ಮುಂದಿನ ಗುರಿ ಎಫ್8ರ ಆನೆ. ಕರಿಯು ಅದನ್ನು ಲೆಕ್ಕಿಸದೆ ಕುದುರೆಯನ್ನು ಜಿ4ಕ್ಕೆ ಹಾರಿಸಿತು. ಬಿಳಿಯು ಆನೆಯನ್ನು ತಿನ್ನಲು ಹೋದರೆ ಡಿ6ರ ಒಂಟೆ ಎಚ್2ರಲ್ಲಿ ಹೊಡೆದು ಶಹ ಕೊಡುತ್ತದೆ, ಹಿಂದೆಯೇ ಕರಿಯ ಮಂತ್ರಿ ಎಚ್4ಕ್ಕೆ ಬಂದು ನಿಲ್ಲುತ್ತದೆ. ಆದ್ದರಿಂದ ಅರೋನಿಯನ್ 14. ಎಫ್4 ಎಂದು ಒಂಟೆಯ ದೃಷ್ಟಿಗೆ ಪರದೆ ಎಳೆದರು. ಕರಿಯ ಸಿ5ರ ಪದಾತಿ ಡಿ4ರಲ್ಲಿ ಹೊಡೆಯಿತು. 15. ಬಿಳಿಯ ಇ3ರ ಪದಾತಿ ಡಿ4ರಲ್ಲಿ ಮರಳಿ ಹೊಡೆಯಿತು. ಕರಿಯ ಒಂಟೆ ಸಿ5ಕ್ಕೆ.

ಈ ಒಂಟೆಯನ್ನು ನೋಡಿ ಹುಡುಗ ನಕ್ಕನು. "ಇದನ್ನ ಪದಾತಿ ತಿಂತದಲ್ರಿ!" ತಿನ್ನುತ್ತದೆ, ನಿಜ. ತಿಂದರೆ ಕರಿಯ ಕುದುರೆ ಡಿ7ರಿಂದ ಸಿ5ಕ್ಕೆ ಬಂದು ಪದಾತಿಯನ್ನು ಹೊಡೆಯುತ್ತದೆ. ಡಿ3ರ ಬಿಳಿಯ ಒಂಟೆಯ ಮೇಲೆ ಅದರ ಕಣ್ಣು, ಜೊತೆಗೆ ಕರಿಯ ಮಂತ್ರಿಗೆ ಡಿ ಸಾಲು ಹೆದ್ದಾರಿಯಂತೆ ತೆರೆಯುತ್ತದೆ. ಅರೋನಿಯನ್ ತಿನ್ನಲಿಲ್ಲ. 16. ಒಂಟೆ ಇ2 ಎಂದು ಹಿಂದೆ ಸರಿದು ಜಿ4ರ ಕುದುರೆಯ ಮೇಲೆ ಬೆರಳಿಟ್ಟರು.

ಕರಿಯ ಎಚ್7 ಹೋಗಿದೆ. ಎಫ್8ರ ಆನೆ ಬಿಳಿಯ ಕುದುರೆಯ ಬಾಯಲ್ಲಿದೆ. ಸಿ5ರ ಒಂಟೆ ಪದಾತಿಯ ಬಾಯಲ್ಲಿದೆ. ಜಿ4ರ ಕುದುರೆ ಒಂಟೆಯ ಬಾಯಲ್ಲಿದೆ. ಹೀಗಿರುವಾಗ ಆನಂದರು ಉಳಿದಿದ್ದ ಇನ್ನೊಂದು ಕುದುರೆಯನ್ನೂ ತೆಗೆದು ಇ5ರಲ್ಲಿ, ಎಫ್4ರ ಪದಾತಿಯ ಬಾಯಿಗೇ ಇಟ್ಟರು.

ಇದು ಈ ಆಟದ ಪ್ರಾಣಸ್ಥಾನ. ಬಿಳಿಯ ಎಫ್4ರ ಪದಾತಿ ಇ5ರ ಕುದುರೆಯನ್ನು ಹೊಡೆದರೆ ಏನಾಗುತ್ತದೆಂಬುದನ್ನು ಮಣೆಯ ಮೇಲೆ ಆಡಿಯೇ ನೋಡಬೇಕು. ಕರಿಯ ಮಂತ್ರಿ ಡಿ4ರಲ್ಲಿ ಹೊಡೆದು ಶಹ ಕೊಡುತ್ತದೆ. ರಾಜ ಎಚ್1ರ ಮೂಲೆಗೆ ಸರಿಯುತ್ತಾನೆ. ಆಗ ಕರಿಯ ಮಂತ್ರಿ ಜಿ1ಕ್ಕೆ, ರಾಜನ ಮಗ್ಗುಲಿಗೇ ಹೋಗಿ ಶಹ ಕೊಡುತ್ತದೆ! ಸಿ5ರ ಒಂಟೆಯ ಕಾವಲಿರುವುದರಿಂದ ರಾಜ ಅದನ್ನು ಮುಟ್ಟುವಂತಿಲ್ಲ, ಆನೆಯೇ ತಿನ್ನಬೇಕು. ಆನೆ ತಿಂದೊಡನೆ ರಾಜನ ಸುತ್ತ ಒಂದು ಮನೆಯೂ ಬಿಡುವಿಲ್ಲ. ಎಲ್ಲೆಡೆಯೂ ತನ್ನವರೇ. ಕರಿಯ ಕುದುರೆ ಎಫ್2ಕ್ಕೆ ಹಾರುತ್ತದೆ, ಮಾತ್. ತನ್ನ ಪರಿವಾರವೇ ಸುತ್ತುಗಟ್ಟಿ ಉಸಿರುಗಟ್ಟಿಸಿದ ರಾಜ. ಹುಡುಗ ಈ ನಾಲ್ಕು ನಡೆಗಳನ್ನು ಆರು ಸಲ ಆಡಿದನು. ಹೊರಗೆ ಮಳೆ ನಿಂತದ್ದು ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ.

ಡಿ4ರ ಪದಾತಿಯಿಂದ ಇ5ರಲ್ಲಿ ಹೊಡೆಯೋಣವೆಂದರೆ ಅದೂ ಸಾಧ್ಯವಿಲ್ಲ. ಅದು ಸರಿದರೆ ಸಿ5ರ ಒಂಟೆಯಿಂದ ಸ್ವಂತ ರಾಜನಿಗೇ ಶಹ. ಆದಕಾರಣ ಅರೋನಿಯನ್ 17. ಒಂಟೆಯಿಂದ ಜಿ4ರ ಕುದುರೆಯನ್ನು ಹೊಡೆದರು. ಕರಿಯ ಒಂಟೆ ಡಿ4ರಲ್ಲಿ ಹೊಡೆದು ಶಹ ಕೊಟ್ಟಿತು. 18. ರಾಜ ಎಚ್1, ಕರಿಯ ಕುದುರೆ ಜಿ4ರಲ್ಲಿ ಒಂಟೆಯನ್ನು ಹೊಡೆಯಿತು. 19. ಬಿಳಿಯ ಕುದುರೆ ಕೊನೆಗೂ ಎಫ್8ರ ಆನೆಯನ್ನು ತಿಂದಿತು. ಈಗ ಲೆಕ್ಕ ಹಾಕಿದರೆ ಬಿಳಿಯ ಬಳಿ ಒಂದು ಇಡೀ ಆನೆ ಹೆಚ್ಚಿಗೆ ಇದೆ.

ಆ ಕುದುರೆಯನ್ನು ರಾಜನಿಂದ ತಿನ್ನಬಹುದಿತ್ತು. ಆನಂದರು ತಿನ್ನಲಿಲ್ಲ. ಮೆಲ್ಲಗೆ ಎಫ್5 ಎಂದು ಒಂದು ಪದಾತಿಯನ್ನು ನೂಕಿದರು. ಹಿಂದಿನ ಕುದುರೆಯ ನಡೆಗಿಂತ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಈ ನಡೆ. ಅದು ಬಿಳಿಯ ಮಂತ್ರಿ ಎಚ್7ಕ್ಕೆ ಬರುವ ದಾರಿಯನ್ನು ಮುಚ್ಚುತ್ತದೆ. ಇ4ರ ಮನೆಯನ್ನೂ ಕಾಯುತ್ತದೆ, ಹೀಗಾಗಿ ಬಿ7ರ ಒಂಟೆಗೆ ಅಡ್ಡ ಬಂದು ನಿಲ್ಲಲು ಬಿಳಿಗೆ ಅಲ್ಲಿ ನೆಲೆಯಿಲ್ಲ. ಸುತ್ತಲೂ ಬೆಂಕಿ ಬಿದ್ದಿರುವಾಗ ಒಬ್ಬ ಮನುಷ್ಯ ಹೋಗಿ ಒಂದು ಕಿಟಕಿಯ ಅಗುಳಿ ಹಾಕಿ ಬಂದಂತೆ.

20. ಕುದುರೆ ಜಿ6, ಮಂತ್ರಿ ಎಫ್6. 21. ಎಚ್3, ಕರಿಯ ಮಂತ್ರಿ ಜಿ6ರಲ್ಲಿ ಕುದುರೆಯನ್ನು ಹೊಡೆಯಿತು. 22. ಮಂತ್ರಿ ಇ2, ಕರಿಯ ಮಂತ್ರಿ ಎಚ್5. ಈಗ ಬಿಳಿಯ ಎಚ್3ರ ಪದಾತಿಯನ್ನು ನೋಡಿರಿ. ಅದು ಜಿ4ರ ಕುದುರೆಯನ್ನು ತಿನ್ನುವಂತಿಲ್ಲ, ಸರಿದರೆ ಎಚ್ ಸಾಲಿನಲ್ಲಿ ರಾಜನಿಗೆ ಶಹ. ಜಿ2ರ ಪದಾತಿಯೂ ಕದಲುವಂತಿಲ್ಲ, ಅದರ ಹಿಂದೆ ಬಿ7ರ ಒಂಟೆಯ ನೋಟ. ಎರಡು ಪದಾತಿಗಳೂ ನಿಂತಲ್ಲೇ ಕಟ್ಟಿಬಿದ್ದಿವೆ. 23. ಮಂತ್ರಿ ಡಿ3, ಮೂರನೆಯ ಅಡ್ಡಸಾಲಿನಿಂದ ಎಚ್3ನ್ನು ಕಾಯಲೆಂದು. ಕರಿಯ ಒಂಟೆ ಇ3, ಆ ಕಾವಲಿನ ದಾರಿಯನ್ನೇ ಕಡಿಯಲೆಂದು. ಬಿಳಿಯ ಒಂಟೆ ಅದನ್ನು ತಿಂದರೆ ಕರಿಯ ಮಂತ್ರಿ ಎಚ್3ರಲ್ಲಿ ಶಹ ಕೊಟ್ಟು, ಮರುನಡೆಯಲ್ಲಿ ಜಿ2ರಲ್ಲಿ ಮಾತ್ ಮಾಡುತ್ತದೆ. ಮಂತ್ರಿಯೇ ತಿಂದರೆ ಕುದುರೆ ಮಂತ್ರಿಯನ್ನು ತಿನ್ನುತ್ತದೆ. ಅರೋನಿಯನ್ ಸೋಲೊಪ್ಪಿ ಕೈಚಾಚಿದರು.

ಆ ಗಳಿಗೆಯಲ್ಲಿ ಮಣೆಯ ಮೇಲಿನ ಕಾಯಿಗಳನ್ನು ಎಣಿಸಿದರೆ ವಿಚಿತ್ರವೊಂದು ಕಾಣುತ್ತದೆ. ಬಿಳಿಯ ಬಳಿ ಎರಡು ಆನೆಗಳಿವೆ, ಕರಿಯ ಬಳಿ ಒಂದೇ. ಕರಿಯ ಬಳಿ ಎರಡು ಒಂಟೆ, ಬಿಳಿಯ ಬಳಿ ಒಂದು. ಅಂಗಡಿಯ ಲೆಕ್ಕದಲ್ಲಿ ಬಿಳಿಯದೇ ಮೇಲುಗೈ. ಹುಡುಗ ಬಹಳ ಹೊತ್ತು ಬೆರಳೆಣಿಸುತ್ತ ಕುಳಿತಿದ್ದನು. ಒಂದೂ ಕಾಯಿಯನ್ನು ಪುಕ್ಕಟೆ ಕೊಡದೆ ಸೋತವನಲ್ಲವೇ ಅವನು!

ಇಷ್ಟೆಲ್ಲವನ್ನೂ ಆನಂದರು ಅಲ್ಲಿಯೇ ಕುಳಿತು ಕಂಡುಹಿಡಿದರೇ? ಇಲ್ಲ, ಮತ್ತು ಇದನ್ನು ಮಕ್ಕಳಿಗೆ ಮುಚ್ಚಿಡಬಾರದು. ಹಿಂದಿನ ವರ್ಷ, ಎಂದರೆ 2012ರ ಮೇ ತಿಂಗಳಲ್ಲಿ ಮಾಸ್ಕೋದಲ್ಲಿ ಇಸ್ರೇಲಿನ ಬೋರಿಸ್ ಗೆಲ್ಫಾಂಡರೊಡನೆ ವಿಶ್ವವಿಜೇತ ಪಟ್ಟದ ಪಂದ್ಯ ನಡೆದಿತ್ತು. ಹನ್ನೆರಡು ಆಟಗಳು 6–6 ಸಮವಾಗಿ, ಕೊನೆಗೆ ತ್ವರಿತ ಆಟಗಳಲ್ಲಿ ಆನಂದರು ಗೆದ್ದರು. ಆ ಪಂದ್ಯಕ್ಕೆಂದು ಅವರೂ ಅವರ ಸಹಾಯಕರೂ ತಿಂಗಳುಗಟ್ಟಲೆ ಕುಳಿತು ನೂರಾರು ಹಾದಿಗಳನ್ನು ಶೋಧಿಸಿದ್ದರು. ಆ ಸಹಾಯಕರಲ್ಲಿ ಕೊಲ್ಕತ್ತೆಯ ಸೂರ್ಯಶೇಖರ ಗಂಗೂಲಿಯವರೂ ಒಬ್ಬರು. ಇ5ರ ಕುದುರೆಯ ನಡೆ ಆ ಸಿದ್ಧತೆಯ ಫಲ. ಗೆಲ್ಫಾಂಡರ ಎದುರು ಅದನ್ನು ಆಡುವ ಸಂದರ್ಭ ಬರಲೇ ಇಲ್ಲ. ಮಾಡಿಟ್ಟ ಅಭ್ಯಾಸ ಎಂಟು ತಿಂಗಳು ಪೆಟ್ಟಿಗೆಯಲ್ಲಿದ್ದು, ಬೇರೆ ಊರಿನಲ್ಲಿ ಬೇರೆ ಎದುರಾಳಿಗೆ ಒದಗಿತು. ಪರೀಕ್ಷೆಗೆ ಬಾರದ ಪಾಠವನ್ನು ಓದಿ ಏನು ಫಲವೆಂದು ಕೇಳುವ ಹುಡುಗರು ನಮ್ಮಲ್ಲಿ ಕಡಿಮೆಯಿಲ್ಲ.

ಆಟ ಮುಗಿದೊಡನೆ ಬಲ್ಲವರೆಲ್ಲರ ಬಾಯಲ್ಲಿ ಬಂದ ಹೆಸರು ಇನ್ನೊಬ್ಬರದು. 1907ರ ಡಿಸೆಂಬರಿನಲ್ಲಿ ಪೋಲೆಂಡಿನ ಲೋಡ್ಜ್ ನಗರದಲ್ಲಿ ಅಕಿಬಾ ರುಬಿನ್‌ಸ್ಟೈನ್ ಎಂಬವನು ರೊಟ್ಲೆವಿ ಎಂಬವನ ವಿರುದ್ಧ ಕರಿಯ ಕಾಯಿಗಳಿಂದ ಗೆದ್ದ ಆಟವೊಂದಿದೆ. ಅಲ್ಲಿಯೂ ಬಿ7ರಲ್ಲಿ ಒಂದು ಒಂಟೆ, ಬಿ6ರಲ್ಲಿ ಇನ್ನೊಂದು, ಜಿ4ರಲ್ಲಿ ಕುದುರೆ, ಎಚ್1ರ ಮೂಲೆಯಲ್ಲಿ ಬಿಳಿಯ ರಾಜ. ಅಲ್ಲಿ ಅವನು ಮಂತ್ರಿಯನ್ನೇ ಬಲಿಗೊಟ್ಟು ಗೆದ್ದನು. ನೂರಾರು ವರ್ಷ ಆಟಗಾರರು ಬಾಯಿಪಾಠ ಮಾಡುವಂಥ ಆಟವದು. ಇದಷ್ಟೇ ಅಲ್ಲ. ಆನಂದರು ಆಡಿದ ಮೆರಾನ್ ಪದ್ಧತಿಗೆ ಆ ಹೆಸರು ಬಂದದ್ದು 1924ರಲ್ಲಿ ಮೆರಾನ್ ಎಂಬ ಊರಿನಲ್ಲಿ ನಡೆದ ಪಂದ್ಯಾವಳಿಯಿಂದ. ಅಲ್ಲಿ ಈ ರಕ್ಷಣೆಯನ್ನು ಆಡಿ, ಗ್ರೂನ್‌ಫೆಲ್ಡನಂಥ ಪಂಡಿತನನ್ನು ಸೋಲಿಸಿದವನೂ ಇದೇ ರುಬಿನ್‌ಸ್ಟೈನ್. ಹಾಗೆ ನೋಡಿದರೆ ಆನಂದರ ಆಟದ ಆರಂಭವೂ ಅವನದು, ಅಂತ್ಯದ ಚಿತ್ರವೂ ಅವನದು.

ಈ ರುಬಿನ್‌ಸ್ಟೈನನ ಬಾಲ್ಯದ ವಿಷಯ ನಮ್ಮ ಓದುಗರಿಗೆ ಹೇಳಬೇಕೆಂದೇ ಈ ಲೇಖನ ಇಷ್ಟು ಉದ್ದವಾಯಿತು. ಅವನು ಹುಟ್ಟಿದ್ದು ರಷ್ಯದ ಆಳಿಕೆಗೆ ಒಳಪಟ್ಟಿದ್ದ ಪೋಲೆಂಡಿನ ಸ್ತಾವಿಸ್ಕಿ ಎಂಬ ಸಣ್ಣ ಊರಿನಲ್ಲಿ, ಬಡ ಯಹೂದಿ ಮನೆತನದಲ್ಲಿ. ಸರಕಾರದ ಭಾಷೆ ರಷ್ಯನ್, ಸುತ್ತಲಿನ ಜನರ ಭಾಷೆ ಪೋಲಿಷ್, ಮನೆಮಾತು ಯಿದ್ದಿಷ್, ಧರ್ಮಶಾಲೆಯ ಓದು ಹೀಬ್ರೂ. ಅವನನ್ನು ಧರ್ಮಗುರುವಾಗಿಸಬೇಕೆಂದು ಮನೆಯವರ ಆಸೆ. ಚದುರಂಗವನ್ನು ಕಂಡಾಗ ಅವನು ಆಗಲೇ ಹದಿಹರೆಯದವನು. ಜಗದ್ವಿಖ್ಯಾತರಾದವರಲ್ಲಿ ಇಷ್ಟು ತಡವಾಗಿ ಕಲಿತವರು ವಿರಳ. ಆ ಕಾಲದ ಚದುರಂಗದ ಶಾಸ್ತ್ರಗ್ರಂಥಗಳೆಲ್ಲ ಹೆಚ್ಚಾಗಿ ಜರ್ಮನ್ ಮತ್ತು ರಷ್ಯನ್ ಭಾಷೆಗಳಲ್ಲಿ. ಅವನ ಕೈಗೆ ಬಂದದ್ದು ಸೊಸ್ನಿಟ್ಸ್ ಎಂಬ ವಿದ್ವಾಂಸ ಹೀಬ್ರೂ ಭಾಷೆಯಲ್ಲಿ ಬರೆದು 1880ರಲ್ಲಿ ವಿಲ್ನಾದಲ್ಲಿ ಅಚ್ಚು ಹಾಕಿಸಿದ್ದ ಒಂದು ಕೈಪಿಡಿ. ತಾನು ಓದಬಲ್ಲ ಅಕ್ಷರಗಳಲ್ಲಿ ಚದುರಂಗದ ಒಂದು ಪುಸ್ತಕವಿದ್ದುದರಿಂದ ಆ ಹುಡುಗ ಶಾಸ್ತ್ರದೊಳಗೆ ಕಾಲಿಟ್ಟನು. ಮುಂದೆ 1912ರ ಒಂದೇ ವರ್ಷದಲ್ಲಿ ಐದು ದೊಡ್ಡ ಪಂದ್ಯಾವಳಿಗಳಲ್ಲಿ ಮೊದಲ ಸ್ಥಾನ ಪಡೆದನು. ವಿಶ್ವವಿಜೇತ ಲಾಸ್ಕರನೊಡನೆ ಅವನ ಪಂದ್ಯ ನಿಶ್ಚಯವಾಗುವುದರಲ್ಲಿತ್ತು. 1914ರ ಮಹಾಯುದ್ಧ ಬಂದು ಅದು ನಡೆಯದೆ ಹೋಯಿತು.

ಮೆರಾನ್ ಊರಿನದೂ ಒಂದು ಕಥೆಯಿದೆ. ಆಸ್ಟ್ರಿಯಾದ ಆಳಿಕೆಯಲ್ಲಿದ್ದ ಆ ಪ್ರದೇಶದ ಜನರ ಮಾತು ಜರ್ಮನ್. ಮೊದಲ ಮಹಾಯುದ್ಧದ ನಂತರ ಗಡಿಯ ಗೆರೆ ಸರಿದು ಅದು ಇಟಲಿಗೆ ಸೇರಿತು. 1923ರಲ್ಲಿ ಬಂದ ಕಾಯದೆಯಂತೆ ಅಲ್ಲಿನ ಶಾಲೆಗಳಿಂದ ಜರ್ಮನ್ ಮಾಧ್ಯಮವನ್ನು ತೆಗೆಯತೊಡಗಿದರು. ಜನರು ಮನೆಗಳಲ್ಲಿ, ಕೊಟ್ಟಿಗೆಗಳಲ್ಲಿ ಗುಟ್ಟಾಗಿ ಮಕ್ಕಳಿಗೆ ಅಕ್ಷರ ಕಲಿಸಿದರು. ಅದರ ಮರುವರ್ಷವೇ ಆ ಊರಿನಲ್ಲಿ ಈ ಪಂದ್ಯಾವಳಿ ನಡೆದದ್ದು. ನಮ್ಮ ಸ್ಥಿತಿ ಅಂಥದಲ್ಲ. ಇಲ್ಲಿ ಕನ್ನಡ ಶಾಲೆಗೆ ಬಾಗಿಲು ತೆರೆದೇ ಇದೆ. ಒಳಗೆ ಬರುವ ಮಕ್ಕಳ ಸಂಖ್ಯೆಯ ಚಿಂತೆ ಬೇರೆ ಮಾತು.

ಹುಡುಗನ ತಂದೆಯ ಚಿಂತೆಯೂ ಅದೇ. ಶಿನೋಳಿಯ ಕಡೆ ಕೆಲಸಕ್ಕೆ ಹೋಗುವ ಅವರು ಒಂದು ಸಂಜೆ ಬಂದು ಕುಳಿತು, "ಸ್ಪರ್ಧಾದಾಗ ಎಲ್ಲಾ ಮರಾಠಿ ಒಳಗ ಹೇಳ್ತಾರ್ರಿ ಸರ, ಇವಂಗ ಗೊಂದಲ ಆಗಿರಬೇಕು" ಎಂದರು. ಗೊಂದಲ ಆದದ್ದು ನಿಜವೇ. ನಾವು ಚದುರಂಗ ಎನ್ನುವುದಕ್ಕೆ ಅಲ್ಲಿ ಬುದ್ಧಿಬಳ. ನಮ್ಮ ಮಂತ್ರಿ ಅಲ್ಲಿ ವಜೀರ, ನಮ್ಮ ಒಂಟೆ ಉಂಟ, ಕುದುರೆ ಘೋಡಾ. ಆನೆಗೆ ಹತ್ತಿ ಎನ್ನುವುದನ್ನು ಕೇಳಿ ಹುಡುಗ ಒಂದು ಕ್ಷಣ ಮಣೆಯ ಮೇಲೆ ಹತ್ತಿಯನ್ನು ಹುಡುಕಿದನಂತೆ. ಆದರೆ ಅವನು ಸೋತದ್ದು ಆ ಕಾರಣಕ್ಕಲ್ಲ. ಮರಾಠಿಯನ್ನು ಅವನು ಸಂತೆಯಲ್ಲಿ, ಬಸ್ಸಿನಲ್ಲಿ, ಗೆಳೆಯರ ನಡುವೆ ದಿನವೂ ಆಡುತ್ತಾನೆ. ಒಂದು ಮಧ್ಯಾಹ್ನದಲ್ಲಿ ಹತ್ತು ಶಬ್ದಗಳು ಬಾಯಿಗೆ ಬಂದವು. ಡಿ4 ಎಂಬುದು ಎಲ್ಲ ಭಾಷೆಗಳಲ್ಲಿಯೂ ಡಿ4. ಕಲಿಯಬೇಕಾದದ್ದು ಆಟ. ಅದನ್ನು ಅವನಿಗೆ ತಿಳಿಯುವ ಮಾತಿನಲ್ಲಿ, ಹದಿನೈದನೆಯ ನಡೆಯಲ್ಲಿ ಒಂಟೆ ಸಿ5ಕ್ಕೆ ಏಕೆ ಬಂತೆಂದು ಕೂಡ್ರಿಸಿಕೊಂಡು ಹೇಳಬಲ್ಲ ಒಬ್ಬರು ಬೇಕು. ಆನಂದರಿಗೂ ಆರನೆಯ ವಯಸ್ಸಿನಲ್ಲಿ ಮಣೆ ಹೂಡಿ ಕಾಯಿಗಳ ನಡೆ ಕಲಿಸಿದವರು ಅವರ ತಾಯಿ.

ದೂರವೆಂದು ಕೈಕಟ್ಟಿ ಕೂರುವ ಕಾರಣವೂ ನಮಗಿಲ್ಲ. ನಮ್ಮ ಪಕ್ಕದ ಸಾಂಗ್ಲಿಯಲ್ಲಿ ಭಾವುಸಾಹೇಬ ಪಡಸಲಗೀಕರರು ಕಟ್ಟಿ ಬೆಳೆಸಿದ ನೂತನ ಬುದ್ಧಿಬಳ ಮಂಡಳ ಎಷ್ಟೋ ವರ್ಷಗಳಿಂದ ಪಂದ್ಯಾವಳಿಗಳನ್ನು ನಡೆಸುತ್ತಿದೆ. ಅತ್ತ ಮೈಸೂರಿನ ತೇಜಕುಮಾರರು 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಪಾಲಕರು ಕೇಳುವ ಇನ್ನೊಂದು ಪ್ರಶ್ನೆ, ಇದರಿಂದ ಗಣಿತದ ಗುಣಗಳು ಹೆಚ್ಚುವವೇ ಎಂದು. ಹೆಚ್ಚುತ್ತವೆಂದು ನಾನು ಮಾತು ಕೊಡಲಾರೆ. ನಾನು ಕಂಡದ್ದಿಷ್ಟೇ, ಹತ್ತು ನಿಮಿಷ ಒಂದೆಡೆ ಕೂರದ ಹುಡುಗ ಆ ಭಾನುವಾರ ಮೂರು ತಾಸು ಕುಳಿತಿದ್ದನು.

ಈಗ ಅವನು ವಾರಕ್ಕೊಂದು ಸಲ ಬರುತ್ತಾನೆ. ಬೇಲಿ ಕಟ್ಟುವ ಚಾಳಿ ಪೂರ್ತಿ ಹೋಗಿಲ್ಲ. ಅಜ್ಜನೊಡನೆ ಕಟ್ಟೆಯ ಆಟವೂ ಮೊದಲಿನಂತೆಯೇ ನಡೆದಿದೆ, ಅಲ್ಲಿ ಅಜ್ಜನ ನಿಯಮ. ಮೊನ್ನೆ ಅಜ್ಜನಿಗೂ ಇ5ರ ಕುದುರೆಯನ್ನು ತೋರಿಸಿದನಂತೆ. ಅಜ್ಜ ಬಹಳ ಹೊತ್ತು ಮಣೆಯನ್ನು ದಿಟ್ಟಿಸಿ, ಎಲ್ಲ ಕಾಯಿಗಳನ್ನೂ ಹಿಂದಕ್ಕೆ ಇಡಿಸಿ, ಅರೋನಿಯನ್ 12ನೆಯ ನಡೆಯಲ್ಲಿ ಆ ಕುದುರೆಯನ್ನು ಜಿ5ಕ್ಕೆ ಒಯ್ಯದಿದ್ದರೆ ಏನಾಗುತ್ತಿತ್ತೆಂದು ಕೇಳಿದರಂತೆ. ಆ ಪ್ರಶ್ನೆಯನ್ನು ಹೊತ್ತುಕೊಂಡು ಹುಡುಗ ಈ ಭಾನುವಾರ ಬರುವವನಿದ್ದಾನೆ. ನಾನಿನ್ನೂ ಉತ್ತರವನ್ನು ಹುಡುಕುತ್ತಿದ್ದೇನೆ.